ದವಡೆ ಕೀಲು ನೋವು: ಬಾಯಿಗೆ ಬಲ ಹಾಕದೆ ಮಾಡುವ ಫಿಸಿಯೋಥೆರಪಿ

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ. ಚರ್ಮದಡಿ ಗುಂಡಗಿನ ಮೂಳೆ ತುದಿಯೊಂದು ಓಡಾಡುವುದು ಬೆರಳಿಗೆ ಸಿಗುತ್ತದೆ. ಅದೇ ದವಡೆ ಕೀಲು, ವೈದ್ಯರ ಮಾತಿನಲ್ಲಿ ಟಿಎಂಜೆ. ಬಾಯಿ ತೆರೆಯುವ ಮೊದಲ 20–25 ಮಿ.ಮೀ. ವರೆಗೆ ಈ ತುದಿ ಹೆಚ್ಚಾಗಿ ಇದ್ದಲ್ಲೇ ತಿರುಗುತ್ತದೆ, ಆಮೇಲೆ ಮುಂದಕ್ಕೆ ಜಾರುತ್ತದೆ. ತುದಿಗೂ ತಲೆಬುರುಡೆಯ ಗುಳಿಗೂ ನಡುವೆ ಡಿಸ್ಕ್ ಎಂಬ ತೆಳುವಾದ ಮೆತ್ತೆ ಇದೆ. ಕ್ಲಿಕ್ ಶಬ್ದ ಬರುವುದು, ಬಾಯಿ ಸಿಕ್ಕಿಕೊಳ್ಳುವುದು ಸಾಮಾನ್ಯವಾಗಿ ಈ ಡಿಸ್ಕ್ ಜಾಗ ತಪ್ಪಿದಾಗ. ನೋವಿಲ್ಲದ ಬರೀ ಕ್ಲಿಕ್‌ಗೆ ಚಿಕಿತ್ಸೆ ಬೇಕಿಲ್ಲ. ಅದನ್ನು ಮತ್ತೆ ಮತ್ತೆ ಮಾಡಿ ನೋಡುವ ಚಾಳಿಯನ್ನು ಮಾತ್ರ ಬಿಡಬೇಕು.

ಮನೆಯಲ್ಲಿ ಶುರು ಮಾಡಬಾರದ ಸಂದರ್ಭಗಳು

ಬಾಯಿ ತೆರೆದದ್ದು ಮುಚ್ಚಲಾಗದಿದ್ದರೆ, ಮುಖಕ್ಕೆ ಪೆಟ್ಟು ಬಿದ್ದಿದ್ದರೆ, ಕೆನ್ನೆ ಊದಿ ಜ್ವರ ಬಂದಿದ್ದರೆ, ಮುಖ ಜೋಮು ಹಿಡಿದಿದ್ದರೆ, ಹಲ್ಲು ಕೂಡುವ ರೀತಿಯೇ ಇದ್ದಕ್ಕಿದ್ದಂತೆ ಬದಲಾಗಿದ್ದರೆ ವ್ಯಾಯಾಮಕ್ಕೆ ಕೈ ಹಾಕದೆ ವೈದ್ಯರನ್ನು ಕಾಣಿ. ನಡೆದಾಗ ಅಥವಾ ಮೆಟ್ಟಿಲು ಹತ್ತಿದಾಗ ಬಂದು, ಕೂತರೆ ಹೋಗುವ ದವಡೆ ನೋವು ಹೃದಯದ್ದಾಗಿರಬಹುದು. ಎದೆ ಬಿಗಿತ, ಬೆವರು, ಉಸಿರಾಟದ ತೊಂದರೆ ಜೊತೆಗಿದ್ದರೆ ಅದು ತುರ್ತುಸ್ಥಿತಿ. 50 ದಾಟಿದವರಿಗೆ ಹೊಸದಾಗಿ ತಲೆನೋವು ಬಂದು, ತಲೆಯ ಚರ್ಮ ಮುಟ್ಟಿದರೆ ನೋಯುತ್ತಾ, ಅಗಿಯುವಾಗ ದವಡೆ ಸೋತಂತಾಗಿ, ಕಣ್ಣು ಮಂಜಾದರೆ ಅದು ರಕ್ತನಾಳದ ಉರಿಯೂತ ಇರಬಹುದು. ದೃಷ್ಟಿಗೇ ಅಪಾಯವಿರುವುದರಿಂದ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಮೊದಲು ಅಳೆಯಿರಿ

ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ತುದಿಗಳ ನಡುವಿನ ಅಂತರವನ್ನು ಸಣ್ಣ ಸ್ಕೇಲಿನಿಂದ ಅಳೆದು ಬರೆದಿಡಿ. ವಯಸ್ಕರಲ್ಲಿ 40 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸಹಜ. ತಮ್ಮದೇ ಕೈಯ ಮೂರು ಬೆರಳುಗಳನ್ನು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ತೂರಿಸಲಾದರೆ ಹೆಚ್ಚುಕಡಿಮೆ ಅಷ್ಟೇ. ಆಮೇಲೆ ಕನ್ನಡಿ ಮುಂದೆ ನಿಂತು ಗಲ್ಲ (ಗದ್ದ) ಇಳಿಯುವ ದಾರಿ ನೋಡಿ. ಒಂದು ಕಡೆಗೆ ಸರಿದು, ಕ್ಲಿಕ್ ಆಗಿ, ಮತ್ತೆ ನಡುವಿಗೆ ಬಂದರೆ ಡಿಸ್ಕ್ ಜಾರಿ ಮತ್ತೆ ಜಾಗಕ್ಕೆ ಕೂರುತ್ತಿದೆ ಎಂದು ಊಹಿಸಬಹುದು. ಹಿಂದೆ ಕ್ಲಿಕ್ ಇದ್ದು, ಅದು ಒಮ್ಮೆಗೇ ನಿಂತು, ಬಾಯಿ 25–30 ಮಿ.ಮೀ. ಮೀರಿ ತೆರೆಯದೆ ನೋವಿರುವ ಕಡೆಗೇ ವಾಲುತ್ತಿದ್ದರೆ ಡಿಸ್ಕ್ ಅಡ್ಡ ಸಿಕ್ಕಿರುವ ಸಾಧ್ಯತೆ ಹೆಚ್ಚು. ಅಂಥವರು ತಾವಾಗಿ ಎಳೆದು ಬಿಡಿಸಲು ಹೋಗದೆ ಬೇಗ ತಜ್ಞರ ಕೈಗೆ ಹೋಗಬೇಕು.

ನೋವು ಕಿವಿಯ ಮುಂದಿನ ಒಂದೇ ಬಿಂದುವಿನಲ್ಲಿದ್ದರೆ ಕೀಲಿನದು. ಕೆನ್ನೆಯ ಮ್ಯಾಸೆಟರ್ ಸ್ನಾಯುವನ್ನೋ ಕಣತಲೆಯ ಟೆಂಪೊರಾಲಿಸ್ ಸ್ನಾಯುವನ್ನೋ ಒತ್ತಿದಾಗ ‘ಇದೇ ನೋವು’ ಎನಿಸಿದರೆ ಸ್ನಾಯುವಿನದು. ಎರಡೂ ಕೂಡಿರುವವರೂ ಇದ್ದಾರೆ.

ದವಡೆಯ ವಿಶ್ರಾಂತಿ ಭಂಗಿ

ವ್ಯಾಯಾಮಗಳಿಗಿಂತ ಇದಕ್ಕೇ ಹೆಚ್ಚು ಬೆಲೆ. ದಿನದಲ್ಲಿ ಕೆಲವೇ ನಿಮಿಷ ನಡೆಯುವ ವ್ಯಾಯಾಮವು ಗಂಟೆಗಟ್ಟಲೆ ಹಲ್ಲು ಕಚ್ಚಿ ಕೂರುವ ಅಭ್ಯಾಸವನ್ನು ಗೆಲ್ಲಲಾರದು. ತುಟಿ ಹಗುರವಾಗಿ ಮುಚ್ಚಿರಲಿ, ಮೇಲಿನ ಕೆಳಗಿನ ಹಲ್ಲುಗಳ ನಡುವೆ 2–4 ಮಿ.ಮೀ. ಅಂತರವಿರಲಿ, ನಾಲಿಗೆಯ ತುದಿ ಮೇಲಿನ ಮುಂಬಲ್ಲುಗಳ ಹಿಂದಿನ ಅಂಗುಳಕ್ಕೆ ಮೆಲ್ಲಗೆ ತಾಗಿರಲಿ, ಉಸಿರು ಮೂಗಿನಿಂದ ಬರಲಿ. ನಾಲಿಗೆಯಿಂದ ಹಲ್ಲನ್ನು ತಳ್ಳಬಾರದು. ‘ನ’ ಎಂದು ಹೇಳಿ ಅಲ್ಲೇ ನಿಲ್ಲಿಸಿದರೆ ನಾಲಿಗೆ ತಾನಾಗಿ ಸರಿಯಾದ ಜಾಗದ ಹತ್ತಿರ ಇರುತ್ತದೆ.

ಅಗಿಯುವಾಗ, ನುಂಗುವಾಗ ಬಿಟ್ಟರೆ ಹಲ್ಲುಗಳು ಒಂದಕ್ಕೊಂದು ತಾಗುವ ಅಗತ್ಯವೇ ಇಲ್ಲ. ಕಂಪ್ಯೂಟರ್ ನೋಡುವಾಗ, ವಾಹನ ಓಡಿಸುವಾಗ, ಭಾರ ಎತ್ತುವಾಗ ತಾಗುತ್ತವೆ, ಮತ್ತು ಅದು ಗಮನಕ್ಕೇ ಬರುವುದಿಲ್ಲ. ಪರದೆಯ ಅಂಚಿಗೆ, ಸ್ಟೀರಿಂಗ್‌ಗೆ, ಫೋನಿನ ಹಿಂಬದಿಗೆ ಬಣ್ಣದ ಸಣ್ಣ ಚುಕ್ಕಿ ಅಂಟಿಸಿ. ಕಂಡಾಗಲೆಲ್ಲ ಹಲ್ಲು ಬಿಡಿಸಿ, ಭುಜ ಇಳಿಸಿ, ಒಮ್ಮೆ ನಿಧಾನವಾಗಿ ಉಸಿರು ಹೊರಬಿಡಿ. ಶಾಖ, ಮಸಾಜು ಏನು ಮಾಡಿದರೂ ಸಂಜೆಗೆ ನೋವು ಮರಳುತ್ತಿದ್ದರೆ ಬಹಳ ಸಲ ಕಾರಣ ಇಲ್ಲೇ ಇರುತ್ತದೆ.

ದಿನದ ವ್ಯಾಯಾಮಗಳು

ಸ್ನಾಯು ನೋವಿಗೆ ಒದ್ದೆ ಬಟ್ಟೆಯ ಬಿಸಿ ಶಾಖ 15 ನಿಮಿಷ ಕೊಟ್ಟು ಶುರು ಮಾಡಿ. ಕೀಲು ಹೊಸದಾಗಿ ಕೆರಳಿ ನೋಯುತ್ತಿದ್ದರೆ ಮೊದಲ ಎರಡು ದಿನ ಬಟ್ಟೆಯಲ್ಲಿ ಸುತ್ತಿದ ಐಸ್ 10 ನಿಮಿಷ ಸಾಕು.

ಮಸಾಜು: ಎರಡು ಬೆರಳನ್ನು ಕೆನ್ನೆಮೂಳೆಯ ಕೆಳಗಿಟ್ಟು, ದವಡೆಯ ಮೂಲೆಯ ತನಕ ನಿಧಾನವಾಗಿ ಉಜ್ಜುತ್ತಾ ಇಳಿಯಿರಿ. ಒಂದೊಂದು ಕಡೆಗೆ ಒಂದೆರಡು ನಿಮಿಷ. ಹಲ್ಲು ಬಿಡಿಸಿಯೇ ಇರಬೇಕು. ಕಚ್ಚಿಕೊಂಡು ಉಜ್ಜಿದರೆ ಬಿಗಿದ ಸ್ನಾಯುವಿನ ಮೇಲೇ ಉಜ್ಜಿದಂತೆ. ದವಡೆಯ ಮೂಲೆಯ ಹಿಂದೆ, ಕಿವಿಯ ಕೆಳಗಿನ ಗುಳಿಯಲ್ಲಿ ಒತ್ತಬೇಡಿ.

ನಾಲಿಗೆ ಹಿಡಿತದ ತೆರೆತ: ನಾಲಿಗೆಯ ತುದಿಯನ್ನು ಅಂಗುಳದಲ್ಲೇ ಇಟ್ಟು, ಅದು ಬಿಡಿಸಿಕೊಳ್ಳುವ ತನಕ ಮಾತ್ರ ಬಾಯಿ ತೆರೆಯಿರಿ. ನಾಲಿಗೆ ಕಡಿವಾಣದಂತೆ ಹಿಡಿಯುವುದರಿಂದ ಚಲನೆ ಬಹುಮಟ್ಟಿಗೆ ತಿರುಗುವ ಹಂತದಲ್ಲೇ ಉಳಿಯುತ್ತದೆ. ಎರಡೂ ತೋರುಬೆರಳು ಕಿವಿ ಮುಂದೆ ಕೀಲುಗಳ ಮೇಲಿರಲಿ. ಎರಡೂ ಒಟ್ಟಿಗೆ ಚಲಿಸುತ್ತಿವೆಯೇ, ಗಲ್ಲ ನೇರವಾಗಿ ಇಳಿಯುತ್ತಿದೆಯೇ ಎಂದು ಕನ್ನಡಿಯಲ್ಲಿ ನೋಡಿ. ಆರು ಸಲ.

ಅಲುಗದ ತಡೆ: ಬಾಯಿ ಒಂದು ಬೆರಳಷ್ಟು ತೆರೆದಿರಲಿ. ಗಲ್ಲದ ಕೆಳಗೆ ಹೆಬ್ಬೆರಳಿಟ್ಟು ತೆರೆಯಲು ಯತ್ನಿಸಿ, ಬೆರಳು ಬಿಡದಿರಲಿ, ಆರು ಸೆಕೆಂಡ್. ಹಾಗೆಯೇ ಎಡಕ್ಕೆ, ಬಲಕ್ಕೆ. ಬಲ ಎಷ್ಟೆಂದರೆ ಎರಡೇ ಬೆರಳಿನ ತಡೆಗೆ ದವಡೆ ಒಂದಿಷ್ಟೂ ಅಲುಗಬಾರದು. ಪೂರ್ತಿ ಬಲ ಹಾಕುವುದು ಇಲ್ಲಿ ಸಾಮಾನ್ಯ ತಪ್ಪು. ಮರುದಿನ ಬೆಳಿಗ್ಗೆ ಕೆನ್ನೆ ಬಿಗಿದಂತಿದ್ದರೆ ಅದೇ ಗುರುತು.

ಕುತ್ತಿಗೆ: ತಲೆ ಮುಂದಕ್ಕೆ ಚಾಚಿ ಕೂತಾಗ ಗಂಟಲ ಮುಂದಿನ ಸ್ನಾಯುಗಳು ಕೆಳದವಡೆಯನ್ನು ಹಿಂದಕ್ಕೂ ಕೆಳಕ್ಕೂ ಎಳೆಯುತ್ತವೆ, ಬಾಯಿ ಮುಚ್ಚಿಡಲು ಅಗಿಯುವ ಸ್ನಾಯುಗಳು ದಿನವಿಡೀ ದುಡಿಯಬೇಕಾಗುತ್ತದೆ. ದೃಷ್ಟಿ ನೇರವಾಗಿರಲಿ, ತಲೆಯನ್ನು ತಗ್ಗಿಸದೆ ಗಲ್ಲವನ್ನು ಹಿಂದಕ್ಕೆ ಸರಿಸಿ ಐದು ಸೆಕೆಂಡ್ ಹಿಡಿಯಿರಿ, ಆರು ಸಲ. ಭುಜದ ಹಲಗೆಗಳನ್ನು ಹಿಂದೆ ಕೆಳಗೆ ಸೇರಿಸುವುದನ್ನೂ ಜೊತೆಗೆ ಮಾಡಿ.

ಚಿಲಿ ದೇಶದ ಫಿಸಿಯೋಥೆರಪಿಸ್ಟ್ ಮರಿಯಾನೋ ರೊಕಬಾಡೊ ರೂಪಿಸಿದ ಪ್ರಸಿದ್ಧ ಕ್ರಮದಲ್ಲಿ ಆರು ವ್ಯಾಯಾಮ, ಆರಾರು ಸಲ, ದಿನಕ್ಕೆ ಆರು ಬಾರಿ. ಅಷ್ಟು ಆಗದಿದ್ದರೆ ಮೇಲಿನವನ್ನು ದಿನಕ್ಕೆ ಮೂರ್ನಾಲ್ಕು ಬಾರಿ, ಐದೈದು ನಿಮಿಷ ಮಾಡಿ. ಒಮ್ಮೆಗೇ ಅರ್ಧ ಗಂಟೆ ಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ಹಿಗ್ಗಿಸುವ ವ್ಯಾಯಾಮ ಎಲ್ಲರಿಗೂ ಅಲ್ಲ. ಸ್ನಾಯು ಬಿಗಿದು ಬಾಯಿ ತೆರೆಯದವರಿಗೆ ಮಾತ್ರ: ಹೆಬ್ಬೆರಳನ್ನು ಮೇಲಿನ, ತೋರುಬೆರಳನ್ನು ಕೆಳಗಿನ ಮುಂಬಲ್ಲಿನ ಮೇಲೆ ಕತ್ತರಿಯಂತೆ ಇಟ್ಟು, ಎಳೆತ ತಿಳಿದ ಕಡೆ ನಿಲ್ಲಿಸಿ 15–20 ಸೆಕೆಂಡ್ ಹಿಡಿಯಿರಿ, ಮೂರು ಸಲ. ಆಕಳಿಸಿದಾಗ ದವಡೆ ತಪ್ಪಿಹೋಗುವ ಸಡಿಲ ಕೀಲಿನವರು ಇದನ್ನು ಮಾಡಲೇಬಾರದು.

ಎಷ್ಟು ನೋವು ಸರಿ

ಹತ್ತರಲ್ಲಿ ಮೂರರಷ್ಟು ನೋವು, ಅದೂ ಅರ್ಧ ಗಂಟೆಯೊಳಗೆ ಇಳಿದರೆ ಪರವಾಗಿಲ್ಲ. ಮರುದಿನಕ್ಕೂ ಉಳಿದರೆ ಸಲಗಳನ್ನು ಅರ್ಧಕ್ಕೆ ಇಳಿಸಿ, ಹಿಗ್ಗಿಸುವುದನ್ನು ನಿಲ್ಲಿಸಿ. ವಿಶ್ರಾಂತಿ ಭಂಗಿಯನ್ನು ಮಾತ್ರ ಬಿಡಬೇಡಿ.

ಮೊದಲ ಎರಡು ವಾರ ಮೆತ್ತಗಿನ ಆಹಾರ, ಸಣ್ಣ ತುತ್ತು, ಎರಡೂ ಕಡೆ ಅಗಿತ. ಚೂಯಿಂಗ್ ಗಮ್, ಉಗುರು ಕಚ್ಚುವುದು, ಗಲ್ಲಕ್ಕೆ ಕೈ ಆನಿಸಿ ಕೂರುವುದು ಬೇಡ. ಆಕಳಿಕೆ ಬಂದಾಗ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ, ಗಲ್ಲದ ಕೆಳಗೆ ಮುಷ್ಟಿ ಹಿಡಿಯಿರಿ. ಬೋರಲಾಗಿ ಮಲಗುವವರ ದವಡೆ ರಾತ್ರಿಯಿಡೀ ಒಂದು ಪಕ್ಕಕ್ಕೆ ಒತ್ತಿರುತ್ತದೆ. ಅಂಗಾತ ಅಥವಾ ಮಗ್ಗುಲಾಗಿ ಮಲಗಿ.

ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ ಬಾಯಿ ತೆರೆತವನ್ನು ಅಳೆಯಿರಿ. ದಿನದಿನಕ್ಕೆ ಒಂದೆರಡು ಮಿ.ಮೀ. ಏರಿಳಿದರೆ ಅದಕ್ಕೆ ಅರ್ಥವಿಲ್ಲ. ಆರು ವಾರವಾದರೂ ನೋವಾಗಲಿ ಅಳತೆಯಾಗಲಿ ಬದಲಾಗದಿದ್ದರೆ ಫಿಸಿಯೋಥೆರಪಿಸ್ಟ್ ಕೈಗವಸು ತೊಟ್ಟು, ಕೆಳಗಿನ ದವಡೆಹಲ್ಲುಗಳ ಮೇಲೆ ಹೆಬ್ಬೆರಳಿಟ್ಟು ಕೀಲನ್ನು ಮೆಲ್ಲಗೆ ಕೆಳಕ್ಕೆ ಸಡಿಲಿಸುತ್ತಾರೆ. ಇದನ್ನು ಮನೆಯವರ ಕೈಯಲ್ಲಿ ಮಾಡಿಸಬೇಡಿ. ಬೆಳಿಗ್ಗೆ ಏಳುವಾಗಲೇ ಕೆನ್ನೆ ನೋಯುತ್ತಿದ್ದರೆ ರಾತ್ರಿ ಹಲ್ಲು ಕಡಿಯುತ್ತಿರಬಹುದು. ವ್ಯಾಯಾಮ ಅದನ್ನು ತಡೆಯದು, ದಂತವೈದ್ಯರು ಅಳತೆ ತೆಗೆದು ಮಾಡಿಕೊಡುವ ಸ್ಪ್ಲಿಂಟ್ (ಹಲ್ಲುಗಳ ಮೇಲೆ ತೊಡುವ ಹೊದಿಕೆ) ಬೇಕಾಗಬಹುದು. ಅದು ಸಾಲಿನ ಎಲ್ಲ ಹಲ್ಲುಗಳನ್ನೂ ಮುಚ್ಚುವಂತಿರಲಿ. ಕೆಲವೇ ಹಲ್ಲುಗಳನ್ನು ಮುಚ್ಚುವಂಥದ್ದನ್ನು ಬಹುಕಾಲ ತೊಟ್ಟರೆ ಉಳಿದ ಹಲ್ಲುಗಳು ಸರಿದು ಕಚ್ಚುವ ಜೋಡಣೆಯೇ ಕೆಡಬಹುದು.