ಓ.ಟಿ. ಅಸೆಸ್‌ಮೆಂಟ್‌ನಲ್ಲಿ ನಾನು ಏನೇನು ನೋಡುತ್ತೇನೆ

ನಾನು ಮಕ್ಕಳ ಆಕ್ಯುಪೇಷನಲ್ ಥೆರಪಿಸ್ಟ್ (ಓ.ಟಿ.), ಅಂದರೆ ಉಡುವುದು, ಉಣ್ಣುವುದು, ಬರೆಯುವುದು ಇಂಥ ದಿನನಿತ್ಯದ ಕೆಲಸ ಮಕ್ಕಳಿಗೆ ಕೈಗೂಡುವಂತೆ ನೆರವಾಗುವವಳು. ನನಗೆ ಫೋನ್ ಮಾಡುವ ತಾಯಂದಿರು ಮೊದಲು ಕೇಳುವುದು, "ಮೇಡಂ, ಟೆಸ್ಟ್‌ಗೆ ಏನು ಪ್ರಾಕ್ಟೀಸ್ ಮಾಡಿಸ್ಲಿ?" ಅಂತ. ಏನೂ ಬೇಡ ಅನ್ನುತ್ತೇನೆ. ಮಗು ತಿಂಡಿ ತಿಂದು, ನಿದ್ದೆ ಮುಗಿಸಿ ಗೆಲುವಾಗಿ ಇರುವ ಹೊತ್ತಿಗೆ ಬನ್ನಿ. ದಿನಾ ಬರೆಯುವ ನೋಟ್‌ಬುಕ್, ಟಿಫಿನ್ ಡಬ್ಬಿ, ಸ್ಕೂಲ್ ಶೂ ತನ್ನಿ. ಕನ್ನಡಕ ಇದ್ದರೆ ಮರೆಯಬೇಡಿ. ಪೂರ್ತಿ ಅಸೆಸ್‌ಮೆಂಟ್‌ಗೆ ಸುಮಾರು ಎರಡು ಗಂಟೆ ಬೇಕು. ಮಗು ಸುಸ್ತಾದರೆ ಉಳಿದದ್ದನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳುತ್ತೇನೆ. ಸುಸ್ತಾದ ಮಗುವಿನ ಸ್ಕೋರ್ ನಂಬುವಂಥದ್ದಲ್ಲ.

ಮೊದಲು ಮಾತುಕತೆ. ಹೆರಿಗೆ ಹೇಗಾಯಿತು, ಅಂಬೆಗಾಲಿಟ್ಟಿದ್ದು ಯಾವಾಗ, ನಡೆದದ್ದು ಯಾವಾಗ, ಇವನ್ನೆಲ್ಲ ಬರೆದುಕೊಳ್ಳುತ್ತೇನೆ. ಆದರೆ ನನಗೆ ಹೆಚ್ಚು ಉಪಯೋಗಕ್ಕೆ ಬರುವ ಪ್ರಶ್ನೆ ಬೇರೆ: "ನಿನ್ನೆ ಬೆಳಿಗ್ಗೆ ಎದ್ದಾಗಿಂದ ಸ್ಕೂಲಿಗೆ ಹೋಗೋವರೆಗೆ ಏನೇನಾಯ್ತು, ಹೇಳಿ."

ಎರಡನೇ ಕ್ಲಾಸಿನ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಬರವಣಿಗೆ ನಿಧಾನ ಅಂತ ಸ್ಕೂಲಿನವರು ಕಳಿಸಿದ್ದರು. ಶರ್ಟಿನ ಗುಂಡಿ ಹಾಕಿಕೊಳ್ಳೋಕೆ ಬರಲ್ಲ ಅಂದರು ತಾಯಿ. ಪಕ್ಕದಲ್ಲಿದ್ದ ಅಜ್ಜಿ ತಡೆದು, "ಬರಲ್ಲ ಅಂತಲ್ಲಮ್ಮ, ವ್ಯಾನ್ ಬಂದ್ಬಿಡುತ್ತಲ್ಲ, ನಾನೇ ಹಾಕ್ತೀನಿ" ಅಂದರು. ಆ ಒಂದು ಮಾತಿನಿಂದ ನನಗೆ ಬಹಳ ತಿಳಿಯಿತು. ಮಗುವಿಗೆ ಕೈಲಾಗುತ್ತಿಲ್ಲವೋ, ಮಾಡಲು ಹೊತ್ತೇ ಸಿಕ್ಕಿಲ್ಲವೋ? ಎರಡಕ್ಕೂ ದಾರಿ ಬೇರೆ ಬೇರೆ. ಅದಕ್ಕೇ ಅಸೆಸ್‌ಮೆಂಟ್‌ಗೆ ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರೂ ಬರಲಿ ಎನ್ನುತ್ತೇನೆ.

ಆಮೇಲೆ ಚಾಪೆಯ ಮೇಲೆ. ಮಗುವಿಗೆ ಇದು ಆಟ. ಹೊಟ್ಟೆಯ ಮೇಲೆ ಮಲಗಿ ತಲೆ, ಕೈ, ಕಾಲು ಎತ್ತಿ ವಿಮಾನ ಆಗುವುದು, ಬೆನ್ನ ಮೇಲೆ ಮಲಗಿ ಮುದುಡಿಕೊಳ್ಳುವುದು, ಒಂಟಿ ಕಾಲಲ್ಲಿ ನಿಲ್ಲುವುದು, ಕುಂಟೆಬಿಲ್ಲೆಯ ಹಾಗೆ ಕುಂಟುವುದು, ಚೆಂಡು ಹಿಡಿಯುವುದು. ಆ ಹುಡುಗ ವಿಮಾನದಲ್ಲಿ ಸ್ವಲ್ಪ ಹೊತ್ತಿಗೇ ಮೊಣಕಾಲು ಮಡಚಿ ಗಲ್ಲ ನೆಲಕ್ಕಿಟ್ಟ. ಉಸಿರು ಬಿಗಿಹಿಡಿದಿದ್ದ. ಬೆನ್ನು, ಕುತ್ತಿಗೆಗೆ ಬಲ ಸಾಲದು ಎಂಬುದರ ಸುಳಿವು ಇದು.

ಮೇಜಿನ ಹತ್ತಿರ ಬಂದಾಗ ಅದೇ ಇನ್ನೊಂದು ರೂಪದಲ್ಲಿ ಕಾಣಿಸಿತು. ಎರಡು ಸಾಲು ಬರೆಯುವಷ್ಟರಲ್ಲಿ ತಲೆ ಎಡಗೈ ಮೇಲೆ ಒರಗಿತು. ಎಡಗೈ ತಲೆ ಹೊತ್ತಿದ್ದರಿಂದ ಪುಸ್ತಕ ಹಿಡಿಯುವವರಿಲ್ಲ, ಅದು ತಿರುಗುತ್ತಾ ಹೋಯಿತು. ಪೆನ್ಸಿಲ್ ಎಷ್ಟು ಒತ್ತಿದ್ದನೆಂದರೆ ಹಾಳೆ ತಿರುಗಿಸಿ ಬೆರಳಾಡಿಸಿದರೆ ಅಕ್ಷರ ಕೈಗೆ ಸಿಗುತ್ತಿತ್ತು. 'ಅಮ್ಮ' ಅಂತ ಬರೆಯುವಾಗ ಒತ್ತಕ್ಷರ ಕೆಳಗಿನ ಸಾಲಿಗೆ ಇಳಿದುಬಿಡುತ್ತಿತ್ತು. ಇಂಗ್ಲಿಷ್ ಕಾಪಿ ಒಂದೇ ನೋಡಿದರೆ ಇದು ಗೊತ್ತಾಗುವುದಿಲ್ಲ. ಹಾಗಾಗಿ ಕನ್ನಡದ ನೋಟ್‌ಬುಕ್ ತನ್ನಿ ಅಂತ ಒತ್ತಾಯಿಸುತ್ತೇನೆ.

ಗೆರೆ, ವೃತ್ತ, ಚೌಕ, ತ್ರಿಕೋನ ನೋಡಿ ಬರೆಸುವುದು, ಕತ್ತರಿ ಹಿಡಿಸುವುದು, ಮಣಿ ಪೋಣಿಸುವುದು, ಇವೂ ಇರುತ್ತವೆ. ನಾಲ್ಕು ವರ್ಷ ದಾಟಿದ ಮಕ್ಕಳಿಗೆ ಮೈ, ಕೈಗಳ ಚಲನೆಯ ಕೌಶಲ ಅಳೆಯುವ ಬಾಟ್-2 ಎಂಬ ಟೆಸ್ಟ್ ಮಾಡುವುದುಂಟು. ಅದರ ಪೂರ್ತಿ ರೂಪದಲ್ಲಿ 53 ಚಟುವಟಿಕೆಗಳಿವೆ. ಸದ್ದು, ಸ್ಪರ್ಶ, ಚಲನೆಗೆ ಮಗು ಹೇಗೆ ಸ್ಪಂದಿಸುತ್ತದೆ ಎಂದು ತಿಳಿಯಲು ಸೆನ್ಸರಿ ಪ್ರೊಫೈಲ್ ಎಂಬ ಪ್ರಶ್ನಾವಳಿ ಇದೆ. ಅಮೆರಿಕದ ಆಕ್ಯುಪೇಷನಲ್ ಥೆರಪಿಸ್ಟ್ ವಿನ್ನಿ ಡನ್ ಅದನ್ನು 1999ರಲ್ಲಿ ಪ್ರಕಟಿಸಿದರು, 2014ರಲ್ಲಿ ಪರಿಷ್ಕರಿಸಿದರು.

ಇವೆರಡರ ಅಳತೆಗೋಲೂ ಅಮೆರಿಕದ ಮಕ್ಕಳನ್ನು ನೋಡಿ ಮಾಡಿದ್ದು. ನಮ್ಮ ಮಕ್ಕಳಿಗೆ ಅದನ್ನು ಹಾಗೇ ಹಚ್ಚಬಾರದು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಫಾರಂ ಕೈಗೆ ಕೊಟ್ಟು ಕೂರಿಸುವ ಬದಲು ಕನ್ನಡದಲ್ಲಿ ಬಿಡಿಸಿ ಮಾತಾಡುತ್ತೇನೆ. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಳ್ತಾನಾ? ತಲೆಗೆ ಎಣ್ಣೆ ಹಚ್ಚೋಕೆ, ಉಗುರು ಕತ್ತರಿಸೋಕೆ ಬಿಡ್ತಾನಾ? ಅನ್ನ ಸಾರು ಕಲಸಿ ತಿನ್ನುವಾಗ ಕೈಗೆ ಅಂಟಿದರೆ ತಕ್ಷಣ ಒರೆಸಿಕೊಳ್ತಾನಾ? ಜಾತ್ರೆಗೆ, ಮದುವೆಗೆ ಹೋದರೆ ಹೇಗಿರ್ತಾನೆ? ಆಗ ತಾಯಂದಿರು ತಾವಾಗೇ ಹತ್ತು ಉದಾಹರಣೆ ಕೊಡುತ್ತಾರೆ. ಸ್ಕೋರ್ ರಿಪೋರ್ಟಿನಲ್ಲಿ ಇರುತ್ತದೆ, ಆದರೆ ಅದರ ಪಕ್ಕದಲ್ಲೇ ಈ ಉದಾಹರಣೆಗಳನ್ನೂ ಬರೆಯುತ್ತೇನೆ.

ಅಸೆಸ್‌ಮೆಂಟ್ ನಡೆಯುವಾಗ ಮಗು ತಡವರಿಸಿದರೆ ದಯವಿಟ್ಟು ಹೇಳಿಕೊಡಬೇಡಿ. "ಮನೇಲಿ ಮಾಡ್ತೀಯಲ್ಲ ಪುಟ್ಟ, ಮಾಡು" ಅಂತ ಒತ್ತಾಯಿಸುವುದೂ ಬೇಡ. ನೋಡೋಕೆ ಸಂಕಟ ಆಗುತ್ತದೆ, ಗೊತ್ತು. ಆದರೆ ಎಲ್ಲಿ ನಿಂತ, ನಿಂತ ಮೇಲೆ ಬೇರೆ ದಾರಿ ಹುಡುಕಿದನಾ ಅಂತ ನಾನು ನೋಡಲೇಬೇಕು. ಥೆರಪಿ ಶುರುವಾಗುವುದು ಅಲ್ಲಿಂದಲೇ ಅಲ್ವಾ.

ರಿಪೋರ್ಟ್ ಕೊಡುವ ದಿನ ಆದಷ್ಟು ಅಪ್ಪ ಅಮ್ಮ ಇಬ್ಬರೂ ಬನ್ನಿ. ಆಟಿಸಂ, ಎ.ಡಿ.ಎಚ್.ಡಿ. (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇದೆಯೋ ಇಲ್ಲವೋ ಅನ್ನುವುದನ್ನು ಓ.ಟಿ. ರಿಪೋರ್ಟ್ ಒಂದೇ ತೀರ್ಮಾನಿಸುವುದಿಲ್ಲ. ಅನುಮಾನ ಬಂದರೆ ಮಕ್ಕಳ ಡಾಕ್ಟರ್, ಸೈಕಾಲಜಿಸ್ಟ್ ಹತ್ತಿರ ಕಳಿಸುತ್ತೇನೆ. ಕಣ್ಣು, ಕಿವಿ ಪರೀಕ್ಷೆ ಆಗಿಲ್ಲದಿದ್ದರೆ ಮೊದಲು ಅದು. ಗುರಿಗಳ ಪುಟದಲ್ಲಿ 'ಫೈನ್ ಮೋಟರ್ (ಕೈಬೆರಳುಗಳ ಸೂಕ್ಷ್ಮ ಚಲನೆ) ಸುಧಾರಣೆ' ಅಂತಷ್ಟೇ ಇದ್ದರೆ, ಹಾಗಂದರೆ ಏನು ಎಂದು ಥೆರಪಿಸ್ಟ್ ಅನ್ನು ಕೇಳಿ. ಆ ಹುಡುಗನಿಗೆ ನಾನು ಬರೆದದ್ದು ಹೀಗೆ: ಮೂರು ತಿಂಗಳಲ್ಲಿ ಶರ್ಟಿನ ಗುಂಡಿಗಳನ್ನು ತಾನೇ ಹಾಕಿಕೊಳ್ಳಬೇಕು, ತಲೆ ಒರಗಿಸದೆ ಐದು ಸಾಲು ಬರೆಯಬೇಕು. ಮೊದಲನೆಯದರ ಅಭ್ಯಾಸಕ್ಕೆ ಭಾನುವಾರದ ಬೆಳಿಗ್ಗೆ ಅಂತ ಅಜ್ಜಿ ಜೊತೆ ಮಾತಾಡಿ ಗೊತ್ತು ಮಾಡಿಕೊಂಡೆವು. ಅವತ್ತು ವ್ಯಾನ್ ಬರುವುದಿಲ್ಲ.