ಮೊದಲ ಆರ್‌ಸಿ ವಿಮಾನ: ನಿಧಾನಕ್ಕೆ ಹಾರುವುದನ್ನೇ ಕೊಳ್ಳಿ

ಏರೋ ಇಂಡಿಯಾ ನೋಡಿ ಬಂದ ಹುಡುಗರು ನನ್ನನ್ನು ಕೇಳುವುದು ಒಂದೇ: "ಸಾರ್, ಆರ್‌ಸಿ ತೇಜಸ್ ತಗೊಳ್ಳಲಾ?" ಆರ್‌ಸಿ ಅಂದರೆ ನೆಲದ ಮೇಲೆ ನಿಂತು ರೇಡಿಯೊದಿಂದ ಹಾರಿಸುವ ಪುಟ್ಟ ಮಾದರಿ ವಿಮಾನ. ಈಗಲೇ ಬೇಡ ಕಣಪ್ಪ ಅನ್ನುತ್ತೇನೆ. ತೇಜಸ್ ಚೆಂದದ ವಿಮಾನ, ನಮ್ಮ ಬೆಂಗಳೂರಲ್ಲೇ ತಯಾರಾಗುವಂಥದ್ದು. ಆದರೆ ಚುರುಕಾಗಿ ತಿರುಗಲಿ ಅಂತ ಅದನ್ನು ಬೇಕೆಂದೇ ಸ್ಥಿರತೆ ಕಡಿಮೆ ಇರುವ ಹಾಗೆ ಮಾಡಿದ್ದಾರೆ. ಹಾರುವಾಗ ಅದನ್ನು ಹದದಲ್ಲಿ ಇಡುವುದು ಒಳಗಿನ ಕಂಪ್ಯೂಟರ್. ಕಲಿಯುವವರಿಗೆ ಬೇಕಾದದ್ದು ಇದರ ತದ್ವಿರುದ್ಧ. ಗಾಬರಿಯಾಗಿ ರೇಡಿಯೊದ ಸ್ಟಿಕ್ ಬಿಟ್ಟರೂ ತಾನಾಗಿ ನೆಟ್ಟಗಾಗಬೇಕು. ನೀವು ಯೋಚಿಸುವಷ್ಟು ಹೊತ್ತು ಗಾಳಿಯಲ್ಲಿ ಸುಮ್ನೆ ತೇಲುತ್ತಿರಬೇಕು.

ನಾನು ತುಮಕೂರು ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಭಾನುವಾರ ಬೆಳಿಗ್ಗೆ ಒಣಗಿದ ಕೆರೆಯಂಗಳದಲ್ಲಿ ಆಸಕ್ತಿ ಇರುವವರಿಗೆ ವಿಮಾನ ಹಾರಿಸುವುದನ್ನು ಹೇಳಿಕೊಡುತ್ತೇನೆ. ಕಲಿಯುವ ಆಸೆಯಿಂದ ಬಂದವರು ತಪ್ಪು ವಿಮಾನ ಕೊಂಡು ಒಂದೇ ವಾರದಲ್ಲಿ ಕೈಬಿಡುವುದನ್ನು ನೋಡಿದಾಗ ಸಂಕಟವಾಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ರೆಕ್ಕೆ ನೋಡಿ. ಅದು ಸೆಸ್ನಾ 172ರ ಹಾಗೆ ವಿಮಾನದ ಮೈಯ ಮೇಲ್ಭಾಗದಲ್ಲಿ ಕೂತಿರಬೇಕು. ಎದುರಿಂದ ನೋಡಿದರೆ ಎರಡೂ ತುದಿ ಸ್ವಲ್ಪ ಮೇಲಕ್ಕೆ ಎದ್ದಿರಬೇಕು. ಇದಕ್ಕೆ ಡೈಹೆಡ್ರಲ್ ಅನ್ನುತ್ತಾರೆ. ವಿಮಾನ ಒಂದು ಕಡೆ ವಾಲಿದರೆ ಆ ಕಡೆಗೇ ಜಾರುತ್ತದೆ. ಜಾರುವಾಗ ಕೆಳಗಿರುವ ರೆಕ್ಕೆಗೆ ಗಾಳಿ ಹೆಚ್ಚು ಕೋನದಲ್ಲಿ ಬಡಿಯುತ್ತದೆ, ಅದನ್ನು ಮೇಲೆತ್ತುತ್ತದೆ. ರೆಕ್ಕೆಯ ಅಡಿಭಾಗ ಚಪ್ಪಟೆ ಇದ್ದರೆ ಇನ್ನೂ ಒಳ್ಳೆಯದು, ಕಡಿಮೆ ವೇಗದಲ್ಲೂ ಎತ್ತಿ ಹಿಡಿಯುತ್ತದೆ.

ಆಮೇಲೆ ಒಂದು ಚಿಕ್ಕ ಲೆಕ್ಕ ಮಾಡಿ. ಇದನ್ನು ಅಂಗಡಿಯವರು ಹೇಳುವುದಿಲ್ಲ, ಬಾಕ್ಸ್ ಮೇಲೂ ಸಾಮಾನ್ಯವಾಗಿ ಇರುವುದಿಲ್ಲ. ರೆಕ್ಕೆಯ ಉದ್ದ ಈ ತುದಿಯಿಂದ ಆ ತುದಿಗೆ 120 ಸೆಂ.ಮೀ., ಅಗಲ 20 ಸೆಂ.ಮೀ. ಅಂದುಕೊಳ್ಳಿ. ಒಟ್ಟು 2400 ಚದರ ಸೆಂ.ಮೀ., ಅಂದರೆ 24 ಚದರ ಡೆಸಿಮೀಟರ್. ಬ್ಯಾಟರಿ ಸೇರಿ ತೂಕ 720 ಗ್ರಾಂ ಇದ್ದರೆ, ಒಂದೊಂದು ಚದರ ಡೆಸಿಮೀಟರ್ ಮೇಲೆ 30 ಗ್ರಾಂ ಭಾರ ಬೀಳುತ್ತದೆ. ಈ ಗಾತ್ರದ ವಿಮಾನಕ್ಕೆ ಇದು ಒಳ್ಳೆಯ ಅಂಕಿ. 40 ದಾಟಿದರೆ ನಾನು ಬೇಡ ಅನ್ನುತ್ತೇನೆ. ಭಾರ ಜಾಸ್ತಿಯಾದಷ್ಟೂ ವಿಮಾನ ಬೀಳದೆ ಇರಲು ವೇಗವಾಗಿ ಹೋಗಬೇಕು. ವೇಗ ಜಾಸ್ತಿಯಾದಷ್ಟೂ ನಿಮಗೆ ಸಿಗುವ ಸಮಯ ಕಡಿಮೆ.

ಒಂದು ಮೀಟರಿನಿಂದ ಒಂದೂವರೆ ಮೀಟರ್ ರೆಕ್ಕೆ ಇರುವುದು ಕಲಿಯಲು ಹದವಾದ ಗಾತ್ರ. ಅಂಗೈಯಗಲದ ವಿಮಾನ ಸುಲಭ ಅಂತ ಅನಿಸಬಹುದು, ಆದರೆ ಅದನ್ನು ಸಣ್ಣ ಗಾಳಿಯೂ ಎತ್ತಿ ಬಿಸಾಡುತ್ತದೆ. ನೂರು ಅಡಿ ದೂರ ಹೋದರೆ ಅದು ಬರುತ್ತಿದೆಯೋ ಹೋಗುತ್ತಿದೆಯೋ ಗೊತ್ತಾಗುವುದಿಲ್ಲ.

ಪ್ರೊಪೆಲ್ಲರ್ ಎಲ್ಲಿದೆ ಅನ್ನುವುದನ್ನೂ ಗಮನಿಸಿ. ಹೊಸಬರ ವಿಮಾನ ಮೂಗು ಕೆಳಗೆ ಮಾಡಿಯೇ ಬೀಳುತ್ತದೆ. ಪ್ರೊಪೆಲ್ಲರ್ ರೆಕ್ಕೆಯ ಹಿಂದಿದ್ದರೆ ಪೆಟ್ಟು ಫೋಮ್‌ಗೆ ಮಾತ್ರ, ಮೋಟರಿಗೆ ಅಲ್ಲ. ಮಲ್ಟಿಪ್ಲೆಕ್ಸ್ ಈಸಿಸ್ಟಾರ್, ಹಾಬಿಕಿಂಗ್ ಬಿಕ್ಸ್ಲರ್, ಹಾಬಿಝೋನ್ ಏರೋಸ್ಕೌಟ್ ಇವೆಲ್ಲ ಈ ಜಾತಿಯವು. ಈಸಿಸ್ಟಾರ್, ಬಿಕ್ಸ್ಲರ್‌ನಂಥವುಗಳಲ್ಲಿ ಮೋಟರ್ ಎತ್ತರದಲ್ಲಿ ಕೂತಿರುತ್ತದೆ. ಹಾಗಾಗಿ ಥ್ರಾಟಲ್ (ಮೋಟರಿನ ವೇಗ) ಜೋರಾಗಿ ಕೊಟ್ಟರೆ ಮೂಗು ಸ್ವಲ್ಪ ಕೆಳಗೆ ಬಾಗುತ್ತದೆ. ಮೊದಲೇ ಗೊತ್ತಿದ್ದರೆ ಗಾಬರಿ ಇಲ್ಲ. ಕೈಯಿಂದ ಎಸೆಯುವಾಗ ಮಾತ್ರ ಬೆರಳು ಪ್ರೊಪೆಲ್ಲರ್ ದಾರಿಗೆ ಬರದಂತೆ ನೋಡಿಕೊಳ್ಳಿ.

ಫೋಮ್‌ನಲ್ಲೂ ವ್ಯತ್ಯಾಸ ಇದೆ. ಇಪಿಒ ಅನ್ನುವ ಫೋಮ್ ಒಳ್ಳೆಯದು. ಮುರಿದರೆ ಫೆವಿಕ್ವಿಕ್‌ನಲ್ಲೇ ಅಂಟಿಸಬಹುದು. ಮೂಗು ನಜ್ಜಾದರೆ ಬಿಸಿನೀರಲ್ಲಿ ಅದ್ದಿ, ಬಹುಪಾಲು ಮತ್ತೆ ಉಬ್ಬಿಕೊಳ್ಳುತ್ತದೆ. ಮಾಮೂಲಿ ಥರ್ಮಕೋಲ್‌ಗೆ ಫೆವಿಕ್ವಿಕ್ ತಾಗಿದರೆ ಕರಗಿ ತೂತಾಗುತ್ತದೆ. ಇನ್ನೊಂದು ಮುಖ್ಯ ವಿಚಾರ: ದುಡ್ಡು ಕೊಡುವ ಮೊದಲೇ ಪ್ರೊಪೆಲ್ಲರ್, ರೆಕ್ಕೆ, ಬಾಲ ಬಿಡಿಯಾಗಿ ಸಿಗುತ್ತವಾ ಅಂತ ಕೇಳಿ. ಸಿಗಲ್ಲ ಅಂದರೆ ಆ ವಿಮಾನ ಎಷ್ಟೇ ಅಗ್ಗವಾಗಿದ್ದರೂ ಬಿಟ್ಟುಬಿಡಿ.

ಕೈಯಲ್ಲಿ ಹಿಡಿದು ವಿಮಾನ ನಡೆಸುವ ರೇಡಿಯೊಗೆ ಮಾತ್ರ ಕೈ ಬಿಗಿ ಮಾಡಬೇಡಿ. ವಿಮಾನ ಹೋದರೂ ರೇಡಿಯೊ ಉಳಿಯುತ್ತದೆ. ಚಾನೆಲ್ ಅಂದರೆ ವಿಮಾನದ ಒಂದೊಂದು ಭಾಗವನ್ನು ಬೇರೆಬೇರೆಯಾಗಿ ನಡೆಸುವ ದಾರಿ. ಆರು ಚಾನೆಲ್‌ನ ಫ್ಲೈಸ್ಕೈ ಎಫ್‌ಎಸ್-ಐ6 ಮುಂದಿನ ಮೂರ್ನಾಲ್ಕು ವಿಮಾನಕ್ಕೂ ಆಗುತ್ತದೆ. ಥ್ರಾಟಲ್ ಎಡಗೈಯಲ್ಲಿರುವ ಮೋಡ್ 2 ತೆಗೆದುಕೊಳ್ಳಿ. ಮೊದಲ ವಿಮಾನ ಮಾತ್ರ ಮೂರು ಚಾನೆಲ್‌ನದ್ದು ಇರಲಿ: ಥ್ರಾಟಲ್, ಎಲಿವೇಟರ್ (ಮೂಗನ್ನು ಮೇಲೆ ಕೆಳಗೆ ಮಾಡುವ ಬಾಲದ ಪಟ್ಟಿ), ರಡ್ಡರ್ (ಎಡ ಬಲ ತಿರುಗಿಸುವ ಬಾಲದ ಪಟ್ಟಿ). ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಪಟ್ಟಿ, ಅಂದರೆ ಏಲರಾನ್, ಆಮೇಲೆ ಕಲಿಯಬಹುದು. ವಿಮಾನವನ್ನು ತಾನಾಗಿ ಹದದಲ್ಲಿ ಇಡುವ ಗೈರೊ ಇದ್ದರೆ ಬೇಡ ಅನ್ನಬೇಡಿ, ಆದರೆ ಅದನ್ನು ಸ್ವಿಚ್‌ನಿಂದ ಆಫ್ ಮಾಡಲು ಬರಬೇಕು. ಕೈ ಪಳಗಿದ ಮೇಲೂ ಗೈರೊನೇ ಹಾರಿಸುತ್ತಿದ್ದರೆ ನೀವು ಕಲಿತದ್ದೇನು ಬಂತು, ಅಲ್ವಾ?

ಸ್ವಂತ ಕಟ್ಟುವ ಮನಸ್ಸಿದ್ದರೆ ನಾನು ಅದನ್ನೇ ಹೆಚ್ಚು ಮೆಚ್ಚುತ್ತೇನೆ. ಕಟ್ಟಿದವರಿಗೆ ರಿಪೇರಿ ಹೇಳಿಕೊಡಬೇಕಾಗಿಲ್ಲ. ಬೇಕಾಗುವುದು ಇಷ್ಟು: 2212 ಅಳತೆಯ 1000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು) ಬ್ರಶ್‌ಲೆಸ್ ಮೋಟರ್, 10×4.5 ಇಂಚಿನ ಪ್ರೊಪೆಲ್ಲರ್, ಮೋಟರಿನ ವೇಗ ಹತೋಟಿಯಲ್ಲಿಡುವ 30 ಆಂಪಿಯರ್ ಇಎಸ್‌ಸಿ, ಬಾಲದ ಪಟ್ಟಿ ಅಲುಗಿಸುವ ಎರಡು 9 ಗ್ರಾಂ ಸರ್ವೊ, 3ಎಸ್ (ಮೂರು ಸೆಲ್‌ನ) 2200 ಎಂಎಎಚ್ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸುತ್ತಾಡಿದರೆ ಇದರಲ್ಲಿ ಬಹಳಷ್ಟು ಸಿಗುತ್ತದೆ. ಬೋರ್ಡು ಬರೆಯುವ ಸನ್‌ಪ್ಯಾಕ್ ಶೀಟ್‌ನಲ್ಲೂ ರೆಕ್ಕೆ ಕಟ್ಟಬಹುದು. ಗಟ್ಟಿ ಇರುತ್ತದೆ, ತೂಕವೂ ಇರುತ್ತದೆ. ಆದ್ದರಿಂದ ಮೇಲಿನ ಲೆಕ್ಕ ಮಾಡದೆ ಕತ್ತರಿ ಹಾಕಬೇಡಿ.

ಲಿಪೊ ಬ್ಯಾಟರಿಯ ಒಂದೊಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್. ಹಾರಿಸದೆ ಇಡುವಾಗ 3.8ಕ್ಕೆ ತಂದು ಇಡಿ. ಎಲ್ಲ ಸೆಲ್‌ಗಳನ್ನೂ ಸಮವಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರ್ ಬಿಟ್ಟು ಬೇರೆಯದರಲ್ಲಿ ಚಾರ್ಜ್ ಮಾಡಬೇಡಿ, ಚಾರ್ಜಿಗೆ ಹಾಕಿ ಆಚೆ ಹೋಗಬೇಡಿ. ಉಬ್ಬಿದ ಬ್ಯಾಟರಿ ಯಾರಾದರೂ ಸುಮ್ನೆ ಕೊಟ್ಟರೂ ಬೇಡ.

ವಿಮಾನ ಬರುವವರೆಗೆ ಪಿಕಾಸಿಮ್ ಅನ್ನುವ ಉಚಿತ ಸಿಮ್ಯುಲೇಟರ್‌ನಲ್ಲಿ ಅಭ್ಯಾಸ ಮಾಡಿ. ವಿಮಾನ ನಿಮ್ಮ ಕಡೆ ಬರುವಾಗ ಎಡ ಬಲ ಅದಲುಬದಲು ಆಗುತ್ತದೆ. ಎಲ್ಲರೂ ಎಡವುವುದು ಅಲ್ಲೇ. ಆಗ ಯಾವ ರೆಕ್ಕೆ ಕೆಳಗಿದೆಯೋ ಆ ಕಡೆಗೇ ಸ್ಟಿಕ್ ತಳ್ಳಿ, ವಿಮಾನ ನೆಟ್ಟಗಾಗುತ್ತದೆ.

ಜಾಗ, ಕಾಲ ಎರಡೂ ಮುಖ್ಯ. ಆಷಾಢದ ಗಾಳಿಯಲ್ಲಿ ಕಲಿಯಲು ಹೋಗಬೇಡಿ. ರಾಗಿ ಕೊಯ್ಲು ಮುಗಿದ ಮೇಲೆ ಹೊಲಗಳು ಖಾಲಿ ಇರುತ್ತವೆ, ಬೆಳಿಗ್ಗೆ ಎಂಟರೊಳಗೆ ಗಾಳಿಯೂ ಕಡಿಮೆ. ಹೊಲದವರನ್ನು ಕೇಳಿಯೇ ಇಳಿಯಿರಿ. ಹೋಗುವ ಮೊದಲು, ಎಲ್ಲಿ ಹಾರಿಸಬಹುದು ಅಂತ ಬಣ್ಣದಲ್ಲಿ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ತೆಗೆದು ಆ ಜಾಗದ ಬಣ್ಣ ನೋಡಿ. 2021ರ ಡ್ರೋನ್ ನಿಯಮದಂತೆ ವಿಮಾನ ನಿಲ್ದಾಣದ ಸುತ್ತ 8 ಕಿ.ಮೀ. ಒಳಗೆ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ಜಕ್ಕೂರು, ಯಲಹಂಕ, ಎಚ್‌ಎಎಲ್ ಇರುವ ಬೆಂಗಳೂರಿನವರು ಇದನ್ನು ಖಂಡಿತ ನೋಡಬೇಕು.

ಮೊದಲ ಸಲ ಎಸೆಯುವ ಮುಂಚೆ, ರೆಕ್ಕೆಯ ಮುಂದಿನ ಅಂಚಿನಿಂದ ಅಗಲದ ಕಾಲು ಭಾಗಕ್ಕಿಂತ ಒಂಚೂರು ಹಿಂದೆ, 20 ಸೆಂ.ಮೀ. ರೆಕ್ಕೆಯಾದರೆ 5ರಿಂದ 6 ಸೆಂ.ಮೀ. ಜಾಗದಲ್ಲಿ, ಎರಡು ಬೆರಳಲ್ಲಿ ಎತ್ತಿ ನೋಡಿ. ಬ್ಯಾಟರಿ ಒಳಗೇ ಇರಲಿ. ಬಾಲ ಕೆಳಗೆ ಬಾಗಿದರೆ ಬ್ಯಾಟರಿಯನ್ನು ಮುಂದಕ್ಕೆ ಸರಿಸಿ, ಮಟ್ಟಕ್ಕೆ ಬಂದ ಮೇಲೆ ಗಾಳಿಗೆ ಎದುರಾಗಿ ನಿಂತು ಎಸೆಯಿರಿ.