ರೂಪಾಯಿಗೆ ಎಷ್ಟು ಪೈಸೆ? ಆಷಾಢ ಸೇಲಿನಲ್ಲಿ ನಾನು ಕಲಿತ ಲೆಕ್ಕ

ಎರಡು ವರ್ಷದ ಹಿಂದೆ ನಾದಿನಿಯ ಮದುವೆ ಶ್ರಾವಣಕ್ಕೆ ಗೊತ್ತಾಯಿತು. ಬಟ್ಟೆ ಮಾತ್ರ ಆಷಾಢದಲ್ಲೇ ತೆಗೆಯಬೇಕು ಅಂತ ನಮ್ಮತ್ತೆ ಹಟ ಹಿಡಿದರು. ಮದುವೆ ಬಟ್ಟೆಯನ್ನ ಆಷಾಢದಲ್ಲಿ ತೆಗೀತಾರಾ ಅಂತ ಓರಗಿತ್ತಿ ರಾಗ ಎಳೆದರೆ, "ಬೀರುವಿನಲ್ಲಿ ಇಡೋಕೆ ಯಾವ ಮಾಸ ಆದ್ರೇನು, ಉಡೋದು ಶ್ರಾವಣದಲ್ಲಿ ತಾನೇ?" ಅಂದುಬಿಟ್ಟರು. ಅಂಗಡಿಯವರಿಗೂ ಅದೇ ಬೇಕು. ಮದುವೆಗಳಿಲ್ಲದ ತಿಂಗಳು ಅದು, ವರಮಹಾಲಕ್ಷ್ಮಿ ಹಬ್ಬಕ್ಕೆ ಹೊಸ ಮಾಲು ಬರೋದರೊಳಗೆ ಹಳೇದು ಖಾಲಿಯಾಗಬೇಕು. ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ಆಗ ಬೋರ್ಡು ಓದುತ್ತ ನಡೆದರೆ ಎದುರಿಗೆ ಬರುವವರಿಗೆ ಡಿಕ್ಕಿ ಹೊಡೆಯೋದೇ.

ಮೊದಲನೇ ಅಂಗಡಿಯಲ್ಲೇ ಮುಗ್ಗರಿಸಿದೆವು. 6,800 ರೂಪಾಯಿ ಚೀಟಿಯ ಸೀರೆ, ಮೇಲೆ "50% + 20%" ಅಂತ ದೊಡ್ಡ ಅಕ್ಷರ. ಅತ್ತೆ ಎರಡನ್ನೂ ಕೂಡಿಸಿ 70 ಮಾಡಿಕೊಂಡರು, ನಾನೂ ತಲೆಯಾಡಿಸಿದೆ. 2,040 ಆಗುತ್ತೆ ಅಂದುಕೊಂಡರೆ ಬಿಲ್ಲು ಬಂದಿದ್ದು 2,720. ಕೌಂಟರಿನ ಹುಡುಗ ಪಾಪ ಸಮಾಧಾನದಿಂದಲೇ ಹೇಳಿದ: "ಅಮ್ಮ, ಇಪ್ಪತ್ತು ಪರ್ಸೆಂಟು ಉಳಿದ ಅರ್ಧಕ್ಕೆ." ಅಂದರೆ 6,800ರ ಅರ್ಧ 3,400, ಅದರಲ್ಲಿ 680 ಹೋಗಿ 2,720. ನಿಜವಾದ ರಿಯಾಯಿತಿ 60 ಪರ್ಸೆಂಟು. ಹಿಂದೆ ಜನ ಸಾಲಾಗಿ ನಿಂತಿದ್ದರು. ಸೀರೆ ವಾಪಸ್ ಇಡೋಕೆ ಮುಖ ಬರಲಿಲ್ಲ, ದುಡ್ಡು ಕೊಟ್ಟು ಬಂದೆವು.

ಅವತ್ತು ರಾತ್ರಿ ನಮ್ಮ ತಾತ ನೆನಪಾದರು. ಪಿರಿಯಾಪಟ್ಟಣದಲ್ಲಿ ದಿನಸಿ ಅಂಗಡಿ ಇಟ್ಟಿದ್ದವರು. 1957ರಲ್ಲೇ ನಯಾ ಪೈಸೆ ಬಂದಿದ್ದರೂ ಅವರ ಬಾಯಲ್ಲಿ ಕೊನೇವರೆಗೂ ಆಣೆ ಲೆಕ್ಕವೇ. ಯಾರು ಏನು ಕಮಿಷನ್ ಹೇಳಿದರೂ "ರೂಪಾಯಿಗೆ ನನ್ನ ಕೈಯಿಂದ ಎಷ್ಟಾಣೆ ಹೋಗುತ್ತೆ ಹೇಳು" ಅಂತಿದ್ದರು. ಬಿಟ್ಟದ್ದೆಷ್ಟು ಅಂತ ಕೇಳುತ್ತಲೇ ಇರಲಿಲ್ಲ. ನಾನು ಆಣೆಯ ಬದಲು ಪೈಸೆ ಹಾಕಿಕೊಂಡೆ. 50+20 ಅಂದರೆ ರೂಪಾಯಿಗೆ 40 ಪೈಸೆ ಕೊಡೋದು (50 ಪೈಸೆಯಲ್ಲಿ ಐದನೇ ಒಂದು ಭಾಗ ಕಳೆದರೆ ಅಷ್ಟೇ). 35 ಪರ್ಸೆಂಟ್ ಆಫ್ ಅಂದರೆ 65 ಪೈಸೆ. ಎರಡು ತಗೊಂಡರೆ ಒಂದು ಫ್ರೀ ಅಂದರೆ ಹತ್ತಿರ ಹತ್ತಿರ 67 ಪೈಸೆ. 15 ಪರ್ಸೆಂಟ್‌ನಂಥದ್ದಕ್ಕೆ ಮೊದಲು ಹತ್ತನೇ ಒಂದು ಭಾಗ, ಅದರ ಅರ್ಧ, ಎರಡೂ ಕೂಡಿಸಿ ಕಳೆಯೋದು. ಮೊಬೈಲು ತೆಗೆಯೋದೇ ಬೇಡ.

ಆದರೆ ಈ ಲೆಕ್ಕಕ್ಕೂ ಒಂದು ತೂತಿದೆ ಅಂತ ಮಾರನೇ ದಿನವೇ ಗೊತ್ತಾಯಿತು. ಇನ್ನೊಂದು ಅಂಗಡಿಯಲ್ಲಿ ಥೇಟ್ ಅದೇ ಥರದ ಸೀರೆ, ಅದೇ ಗಂಡುಬೇರುಂಡದ ಸೆರಗು. ಚೀಟಿ 4,200, ರಿಯಾಯಿತಿ ಬರೀ 35. ಬೆಲೆ 2,730! ಒಂದು ಕಡೆ ರೂಪಾಯಿಗೆ 40 ಪೈಸೆ, ಇನ್ನೊಂದು ಕಡೆ 65, ಕೈಯಿಂದ ಹೋಗೋ ದುಡ್ಡಿನಲ್ಲಿ ಹತ್ತು ರೂಪಾಯಿ ವ್ಯತ್ಯಾಸ. ಚೀಟಿ ಬರೆಯೋ ಕೈ ಅವರದೇ ಆದಾಗ ಪರ್ಸೆಂಟು ಎಷ್ಟು ಬೇಕಾದರೂ ಏರುತ್ತೆ. ಹಾಗಾಗಿ ಒಂದೇ ಕಂಪನಿಯ, ಎರಡೂ ಕಡೆ ಒಂದೇ ಎಂಆರ್‌ಪಿ ಇರುವ ಮಾಲಿಗೆ ಮಾತ್ರ ಪೈಸೆ ಹೋಲಿಸುತ್ತೇನೆ. ಸೀರೆ, ಚಪ್ಪಲಿ, ಬೆಡ್‌ಶೀಟಿಗೆ ಕೊನೇ ಬೆಲೆ ಮಾತ್ರ ಪುಸ್ತಕದಲ್ಲಿ ಬರೆದುಕೊಳ್ಳೋದು.

ಶರ್ಟಿನ ವಿಷಯದಲ್ಲಿ ನಾನು ಗೆದ್ದೆ. ನಮ್ಮ ಯಜಮಾನರಿಗೆ, ಮೈದುನನಿಗೆ ಒಂದೊಂದು ಸಾಕಿತ್ತು. 1,299ರ ಶರ್ಟು, ಎರಡಕ್ಕೆ ಒಂದು ಫ್ರೀ. ಮೂರಕ್ಕೆ 2,598, ಒಂದಕ್ಕೆ 866 ಬೀಳುತ್ತೆ. ಎದುರಂಗಡಿಯಲ್ಲಿ ಅದೇ ಶರ್ಟಿಗೆ ನೇರ 30 ಪರ್ಸೆಂಟು, ಒಂದಕ್ಕೆ 909. ಅತ್ತೆಗೆ 866 ಅಗ್ಗ ಅನ್ನಿಸಿತು. "ಅತ್ತೆ, ಮೂರನೇದು ಯಾರಿಗೆ?" ಅಂತ ಕೇಳಿದೆ. ಎದುರಂಗಡಿಯಲ್ಲಿ ಎರಡಕ್ಕೆ 1,819 ರೂಪಾಯಿ. ಫ್ರೀ ಶರ್ಟಿಗೆ ನಾವು ಸುಮಾರು 780 ರೂಪಾಯಿ ಹೆಚ್ಚಿಗೆ ಕೊಡುತ್ತಿದ್ದೆವು. ಮೇಲಾಗಿ ಮೂರರಲ್ಲಿ ಕಡಿಮೆ ಬೆಲೆಯದೇ ಫ್ರೀ ಅನ್ನೋ ಸಣ್ಣಕ್ಷರ ಬೇರೆ. 799ರದು ಒಂದು ಸೇರಿಸಿದ್ದರೆ ರಿಯಾಯಿತಿ 33ರಿಂದ ಇಪ್ಪತ್ತನಾಲ್ಕರ ಕೆಳಗೆ ಇಳಿಯುತ್ತಿತ್ತು.

ಫ್ರಿಜ್ಜಿಗೆ ಕಾರ್ಡಿನಲ್ಲಿ 10 ಪರ್ಸೆಂಟ್ ಅಂದರು. ಆದರೆ ಹೆಚ್ಚೆಂದರೆ 1,500. ಫ್ರಿಜ್ಜಿನ ಬೆಲೆ 32,000, ಅಂದರೆ ಐದು ಪರ್ಸೆಂಟೂ ಇಲ್ಲ. ನಗದು ಕೊಡ್ತೀನಿ ಅಂದಿದ್ದಕ್ಕೆ ಇನ್ನೊಬ್ಬರು ಎರಡು ಸಾವಿರ ಬಿಟ್ಟರು, ಅಲ್ಲಿಗೆ ಆ ಮಾತು ಮುಗಿಯಿತು.

ಒಂದು ಕಡೆ ಮಾತ್ರ ಜಗಳಕ್ಕೇ ನಿಂತೆ. ಅರ್ಧ ಬೆಲೆಯ ಕುರ್ತಾ, ಬಿಲ್ಲಿನಲ್ಲಿ ಮೇಲೆ ಟ್ಯಾಕ್ಸು. ಎಂಆರ್‌ಪಿ ಅಂದರೆ ಎಲ್ಲ ತೆರಿಗೆಯೂ ಸೇರಿದ ಬೆಲೆ. ರಿಯಾಯಿತಿ ಕೊಟ್ಟ ಮೇಲೆ ಮತ್ತೆ ತೆರಿಗೆ ಹಾಕೋದು ಸರಿಯಲ್ಲ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2017ರಲ್ಲೇ ಹೇಳಿದೆ. ಅಷ್ಟನ್ನು ಹೇಳಿ, ಕುರ್ತಾದ ಚೀಟಿಯಲ್ಲಿದ್ದ "ಎಲ್ಲ ತೆರಿಗೆ ಸೇರಿ" ಅನ್ನೋ ಸಾಲನ್ನು ಬೆರಳಿಟ್ಟು ತೋರಿಸಿದೆ. ಮ್ಯಾನೇಜರು ಬಂದು ಬಿಲ್ಲು ಬದಲಾಯಿಸಿದರು. ಈಗಂತೂ ಇದು ಸಣ್ಣ ಮೊತ್ತವಲ್ಲ. 2025ರ ಸೆಪ್ಟೆಂಬರ್ 22ರಿಂದ ರೆಡಿಮೇಡ್ ಬಟ್ಟೆಗೆ 2,500 ರೂಪಾಯಿವರೆಗೆ 5 ಪರ್ಸೆಂಟು ಜಿಎಸ್‌ಟಿ, ದಾಟಿದರೆ 18.

ಸೋತದ್ದೂ ಇದೆ. 5,000ಕ್ಕೆ ಕೊಂಡರೆ 500ರ ಕೂಪನ್ ಅಂತ ಒಂದು ಕಡೆ ಬೇಡದ ಟವೆಲ್ಲು ಸೇರಿಸಿ ಐದು ಸಾವಿರ ಮುಟ್ಟಿಸಿದೆ. ಮನೆಗೆ ಬಂದು ಕೂಪನ್ ತಿರುಗಿಸಿದರೆ, ಮುಂದಿನ ಸಲ 2,000ಕ್ಕೆ ಕೊಂಡರೆ ಮಾತ್ರ ನಡೆಯುತ್ತೆ, ಅದೂ ಹದಿನೈದು ದಿನದೊಳಗೆ. ಏಳು ಸಾವಿರಕ್ಕೆ ಐನೂರು, ಏಳು ಪರ್ಸೆಂಟು ಚಿಲ್ಲರೆ. ಅತ್ತೆಗೆ ಹೇಳಲಿಲ್ಲ. ಕೂಪನ್ ಇನ್ನೂ ನನ್ನ ಲೆಕ್ಕದ ಪುಸ್ತಕದಲ್ಲೇ ಇದೆ, ಟವೆಲ್ಲು ಅಡುಗೆಮನೆ ಸೇರಿದೆ.